ತೋಪು, ಕುದುರೆ ಮತ್ತು ಕಸಬು: ತಂತ್ರವಿದ್ಯೆಯ ವಿನಿಮಯವು ರಾಜತಂತ್ರವಾದ ಬಗೆ

ಬಬಲೇಶ್ವರದಿಂದ ಈಶಾನ್ಯ ದಿಕ್ಕಿಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಸಾಗಿದರೆ ವಿಜಯಪುರದ ಕೋಟೆಯ ಗೋಡೆ ಕಾಣಿಸಿಕೊಳ್ಳುತ್ತದೆ. ಈ ಹಾದಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗಿಬರುವ ಕಾಲೇಜು ವಿದ್ಯಾರ್ಥಿಗಳು ಅನೇಕರಿದ್ದಾರೆ. ಅವರಲ್ಲಿ ಕೆಲವರ ಕೈಯಲ್ಲಿ ಮೊಬೈಲ್ ಫೋನು. ಫೋನಿನೊಳಗೆ ಒಂದು ಸಾಮ್ರಾಜ್ಯ. ಆಟಗಾರನೇ ಅದರ ಅರಸು. ಊರು ಕಟ್ಟುವುದು, ಹೊಲ ಉಳುವುದು, ದಂಡು ಕೂಡಿಸುವುದು, ನೆರೆಯ ಅರಸರೊಡನೆ ಸಂಧಿ ವಿಗ್ರಹಗಳನ್ನು ನಡೆಸುವುದು, ಎಲ್ಲವೂ ಅವನ ಹೊಣೆ. ಇಂಥ ಆಟಗಳನ್ನು ಚಾರಿತ್ರಿಕ ವ್ಯೂಹದ ಆಟಗಳೆನ್ನಬಹುದು. ನಮ್ಮ ಹಿರಿಯರ ಚದುರಂಗವು ಇವುಗಳ ಅಜ್ಜ. ಆದರೆ ಚದುರಂಗದಲ್ಲಿಲ್ಲದ ಒಂದು ಅಂಶ ಈ ಹೊಸ ಆಟಗಳಲ್ಲಿದೆ. ಅದೇ ವಿದ್ಯೆಯ ಮಾರಾಟ.

ಸಿಡ್ ಮೈಯರ್ ಎಂಬಾತನು 1991ರಲ್ಲಿ ಹೊರತಂದ 'ಸಿವಿಲೈಜೇಷನ್' ಎಂಬ ಕಂಪ್ಯೂಟರ್ ಆಟದಲ್ಲಿ ನೆರೆಯ ಅರಸನು ಎದುರಿಗೆ ಬಂದು, "ನಿನ್ನಲ್ಲಿರುವ ವಿದ್ಯೆಯನ್ನು ನನಗೆ ಕೊಡು, ನನ್ನಲ್ಲಿರುವುದನ್ನು ನಿನಗೆ ಕೊಡುತ್ತೇನೆ" ಎಂಬ ಅರ್ಥದ ಮಾತನ್ನಾಡುತ್ತಾನೆ. ಒಪ್ಪಿದೆವೆಂದು ಗುಂಡಿಯೊತ್ತಿದೊಡನೆ ವಿನಿಮಯ ಮುಗಿಯುತ್ತದೆ. ನಿನ್ನೆಯವರೆಗೆ ಮದ್ದಿನ ಪುಡಿಯನ್ನೇ ಕಾಣದ ನಾಡು ಇಂದು ಬಂದೂಕು ಹಿಡಿಯುತ್ತದೆ. ಚತುರನಾದ ಆಟಗಾರನು ಒಬ್ಬನಿಂದ ಪಡೆದುದನ್ನು ಇನ್ನೊಬ್ಬನಿಗೆ ಮಾರಿ, ಆ ಎರಡನೆಯವನ ವಿದ್ಯೆಯನ್ನು ಮೂರನೆಯವನಿಗೆ ಮಾರಿ, ತಾನು ಏನನ್ನೂ ಶೋಧಿಸದೆಯೇ ಎಲ್ಲರಿಗಿಂತ ಮುಂದೆ ಹೋಗಬಲ್ಲನು.

ನಿಜವಾದ ಇತಿಹಾಸದಲ್ಲಿ ಹೀಗೆ ನಡೆಯಿತೆ? ವಿದ್ಯೆಯನ್ನು ಕೊಟ್ಟು ಸ್ನೇಹವನ್ನು ಕೊಂಡ ಅರಸರಿದ್ದರೆ? ಕೊಟ್ಟವನು ಏನನ್ನು ಕಳೆದುಕೊಂಡನು, ಪಡೆದವನಿಗೆ ನಿಜವಾಗಿ ದಕ್ಕಿದುದೇನು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಅದೇ ಬಸ್ಸಿನಿಂದ ವಿಜಯಪುರದಲ್ಲಿಳಿದು ಎರಡು ಬುರುಜುಗಳನ್ನು ಹತ್ತಿದರೆ ಸಾಕು. 2014ರಲ್ಲಿ ಊರಿನ ಹೆಸರು ವಿಜಯಪುರವೆಂದು ಬದಲಾಗಿದ್ದರೂ, ಇತಿಹಾಸದ ಮಾತು ಬಂದಲ್ಲಿ ಬಿಜಾಪುರವೆಂಬ ಹಳೆಯ ಹೆಸರನ್ನೇ ನಾವು ಬಳಸುವೆವು.

ಶರ್ಜಾ ಬುರುಜಿನ ಮೇಲೆ

ನಗರದ ಪಶ್ಚಿಮದ ಗೋಡೆಯಲ್ಲಿರುವ ಶರ್ಜಾ ಬುರುಜಿನ ಮೇಲೆ 'ಮಲಿಕ್-ಎ-ಮೈದಾನ್' ಎಂಬ ತೋಪು ಮಲಗಿದೆ. ಹೆಸರಿನ ಅರ್ಥ 'ರಣರಂಗದ ಒಡೆಯ'. ಅದರ ಬಾಯಿಯನ್ನು ಸಿಂಹದ ಮುಖದಂತೆ ರೂಪಿಸಲಾಗಿದೆ. ಸಿಂಹದ ದವಡೆಯಲ್ಲಿ ಆನೆಯೊಂದು ಸಿಕ್ಕಿಕೊಂಡಿದೆ. ಇದು ಎರಕದ ಕೆಲಸ. ಲೋಹವು ಕಂಚು, ನೂರರಲ್ಲಿ ಸುಮಾರು ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ತವರ. ಗಂಟೆಗಳನ್ನು ಎರಕ ಹೊಯ್ಯುವ ಕಂಚು ಬಹುಮಟ್ಟಿಗೆ ಇದೇ ಬಗೆಯದು.

ಇದರ ತೂಕವನ್ನು ವಿದ್ಯಾರ್ಥಿಗಳು ತಕ್ಕಡಿಯಿಲ್ಲದೆಯೇ ಅಂದಾಜು ಮಾಡಬಹುದು. ತೋಪಿನ ಉದ್ದ ಸುಮಾರು 4.3 ಮೀಟರ್, ಹೊರವ್ಯಾಸ ಸುಮಾರು 1.5 ಮೀಟರ್. ಇದನ್ನು ಗಟ್ಟಿಯಾದ ಉರುಳೆಯೆಂದು ತಿಳಿದರೆ ಗಾತ್ರವು ಸುಮಾರು 7.6 ಘನ ಮೀಟರ್ ಆಗುತ್ತದೆ. ಒಳಗಿನ ಕೊಳವೆಯ ವ್ಯಾಸ ಸುಮಾರು 0.7 ಮೀಟರ್. ಟೊಳ್ಳಿನ ಭಾಗಕ್ಕೆಂದು ಸುಮಾರು 1.2 ಘನ ಮೀಟರನ್ನು ಕಳೆದರೆ 6.4 ಘನ ಮೀಟರ್ ಲೋಹ ಉಳಿಯುತ್ತದೆ. ಇಂಥ ಕಂಚಿನ ಒಂದು ಘನ ಮೀಟರಿಗೆ ಸುಮಾರು 8.7 ಟನ್ ತೂಕ. ಗುಣಿಸಿದರೆ 55 ಟನ್ನಿಗೆ ತುಸು ಮೇಲೆ ಬರುತ್ತದೆ. ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆಯೂ 55 ಟನ್ನೇ ಆಗಿದೆ.

ಈ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. 55 ಟನ್ನಿನ ಐದನೆಯ ಒಂದು ಪಾಲು, ಎಂದರೆ ಸುಮಾರು 11 ಟನ್, ತವರ. ದಖ್ಖನಿನ ಕಪ್ಪು ಶಿಲೆಯಲ್ಲಿ ತವರ ದೊರೆಯದು. ಅದು ಬಹುಪಾಲು ಮಲಯ ದೇಶದ ಕಡೆಯಿಂದ ಹಡಗಿನಲ್ಲಿ ಬರಬೇಕಾಗಿದ್ದ ಸರಕು. ತೋಪನ್ನು ಎರೆಯುವ ವಿದ್ಯೆ ಗೊತ್ತಿದ್ದರೂ ಸಮುದ್ರದ ದಾರಿ ಮುಚ್ಚಿದ ಅರಸನು ಈ ತೋಪನ್ನು ಎರೆಸಲಾರನು. ವಿದ್ಯೆಯೊಂದು ಬೇರೆ, ವಿದ್ಯೆಯನ್ನು ನಡೆಸುವ ಸಾಮಗ್ರಿಯೊಂದು ಬೇರೆ ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ತೋಪಿನ ಮೇಲೆ ಕೆತ್ತಿರುವ ಬರಹವು ಇನ್ನೂ ಸ್ವಾರಸ್ಯವುಳ್ಳದ್ದು. ಇದನ್ನು ಎರೆದವನು ಮಹಮದ್ ಬಿನ್ ಹುಸೇನ್ ರೂಮಿ. ಎರೆದುದು ಹಿಜರಿ 956, ಎಂದರೆ ಕ್ರಿ. ಶ. 1549. ಸ್ಥಳ ಬಿಜಾಪುರವಲ್ಲ, ನೆರೆಯ ನಿಜಾಮಶಾಹಿಯ ರಾಜಧಾನಿಯಾಗಿದ್ದ ಅಹಮದನಗರ. 'ರೂಮಿ' ಎಂದರೆ 'ರೂಮಿನವನು'. ಆ ಕಾಲದಲ್ಲಿ ತುರ್ಕರ ಆಟಮನ್ ಸಾಮ್ರಾಜ್ಯದಿಂದ ಬಂದವರಿಗೆ ಸಲ್ಲುತ್ತಿದ್ದ ಹೆಸರು. ಹೀಗೆ ತುರ್ಕ ನಾಡಿನ ಕುಶಲಿ, ಅಹಮದನಗರದ ಕುಲುಮೆ, ಸಮುದ್ರದಾಚೆಯ ತವರ ಈ ಮೂರೂ ಕೂಡಿ ಹುಟ್ಟಿದ ತೋಪು ಈಗ ವಿಜಯಪುರದ ಗೋಡೆಯ ಮೇಲಿದೆ.

ವಸ್ತುವಿನ ವ್ಯಾಪಾರ: ಕುದುರೆ

ಆಟದಲ್ಲಿ 'ವಿದ್ಯೆ' ಎಂಬ ಒಂದೇ ಹೆಸರಿನಡಿ ಅಡಗಿರುವುದನ್ನು ಇತಿಹಾಸವು ಮೂರಾಗಿ ಬಿಡಿಸಿ ತೋರಿಸುತ್ತದೆ: ವಸ್ತು, ವ್ಯಕ್ತಿ ಮತ್ತು ಕಸಬು. ಮೊದಲು ವಸ್ತುವನ್ನು ನೋಡೋಣ.

ಹದಿನಾರನೆಯ ಶತಮಾನದ ದಖ್ಖನಿನಲ್ಲಿ ಅತ್ಯಂತ ಬೆಲೆಯುಳ್ಳ ಯುದ್ಧಸಾಧನ ತೋಪಲ್ಲ, ಕುದುರೆ. ಅರಬ್ಬೀ ಮತ್ತು ಪಾರಸಿ ತಳಿಯ ಒಳ್ಳೆಯ ಕುದುರೆಗಳು ನಮ್ಮ ಹವೆಯಲ್ಲಿ, ನಮ್ಮ ಮೇವಿನಲ್ಲಿ ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಆದುದರಿಂದ ವರ್ಷವರ್ಷವೂ ಹೊಸ ಕುದುರೆಗಳು ಹೊರ್ಮುಜಿನ ಕಡೆಯಿಂದ ಹಡಗುಗಳಲ್ಲಿ ಗೋವೆ, ಭಟ್ಕಳ ಮೊದಲಾದ ರೇವುಗಳಿಗೆ ಬಂದಿಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಜರ ಅಧಿಪತಿಯಾದ ಅಲ್ಬುಕರ್ಕನು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡನು. ಕುದುರೆಯ ಹಡಗುಗಳೆಲ್ಲ ಗೋವೆಗೇ ಬಂದು ಸುಂಕ ತೆರಬೇಕೆಂದು ಪೋರ್ಚುಗೀಜರು ಕಟ್ಟುಮಾಡಿದರು. ಅಲ್ಲಿಂದ ಮುಂದೆ ಕುದುರೆಯೆಂಬುದು ಅವರ ಕೈಯ ದಾಳವಾಯಿತು. ವಿಜಯನಗರಕ್ಕೂ ಬಿಜಾಪುರಕ್ಕೂ ಕುದುರೆ ಬೇಕು. ಎರಡು ನಾಡುಗಳಿಗೂ ಪರಸ್ಪರ ವೈರ. ಅಲ್ಬುಕರ್ಕನು ಇಬ್ಬರಿಗೂ ಆಸೆಯನ್ನು ತೋರಿಸಿ, ಇಬ್ಬರಿಂದಲೂ ಅನುಕೂಲವನ್ನು ಪಡೆಯಲು ನೋಡಿದನು.

ಈ ರಾಜತಂತ್ರವು ಬರಹದಲ್ಲಿ ಸ್ಪಷ್ಟವಾಗಿ ಕಾಣಬರುವುದು 1547ರಲ್ಲಿ. ಆ ವರ್ಷ ಗೋವೆಯ ಅಧಿಪತಿ ಜುವಾವ್ ದ ಕಾಸ್ತ್ರೋ ಎಂಬಾತನೂ ವಿಜಯನಗರವೂ ಒಂದು ಒಡಂಬಡಿಕೆಯನ್ನು ಮಾಡಿಕೊಂಡರು. ಗೋವೆಗೆ ಬರುವ ಕುದುರೆಗಳನ್ನು ವಿಜಯನಗರಕ್ಕೇ ಮಾರಬೇಕು, ಬಿಜಾಪುರಕ್ಕೆ ಮಾರಕೂಡದು. ವಿಜಯನಗರದವರು ತಮ್ಮ ನಾಡಿನ ಪೆಟ್ಲುಪ್ಪು ಮತ್ತು ಕಬ್ಬಿಣವನ್ನು ಪೋರ್ಚುಗೀಜರಿಗೇ ಮಾರಬೇಕು, ಬಿಜಾಪುರಕ್ಕೆ ಹೋಗಗೊಡಬಾರದು.

ಪೆಟ್ಲುಪ್ಪು ಎಂದರೆ ಪೊಟಾಸಿಯಂ ನೈಟ್ರೇಟ್. ಮದ್ದಿನ ಪುಡಿಯಲ್ಲಿ ತೂಕದ ನಾಲ್ಕರಲ್ಲಿ ಮೂರು ಪಾಲು ಇದೇ. ಉಳಿದುದು ಇದ್ದಿಲು ಮತ್ತು ಗಂಧಕ. ತೋಪಿನ ಮುಚ್ಚಿದ ಕೊಳವೆಯೊಳಗೆ ಹೊರಗಿನ ಗಾಳಿ ಹೋಗಲಾರದು. ಅಲ್ಲಿ ಇದ್ದಿಲು ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಪೆಟ್ಲುಪ್ಪೇ. ಅದಿಲ್ಲದಿದ್ದರೆ ಐವತ್ತೈದು ಟನ್ನಿನ ತೋಪೂ ಬರಿಯ ಲೋಹದ ದಿಮ್ಮಿ. ಹಾಗಾಗಿ 1547ರ ಒಡಂಬಡಿಕೆಯು ಒಂದು ಕಡೆ ಬಿಜಾಪುರದ ರಾವುತರನ್ನು, ಇನ್ನೊಂದು ಕಡೆ ಅದರ ತೋಪುಗಳನ್ನು ನಿಶ್ಶಕ್ತಗೊಳಿಸಲು ಹೂಡಿದ ಹೂಟವಾಗಿತ್ತು.

ಗಮನಿಸಬೇಕಾದುದೇನೆಂದರೆ, ಈ ಒಡಂಬಡಿಕೆಯಲ್ಲಿ ಯಾರೂ ಯಾರಿಗೂ ಏನನ್ನೂ ಕಲಿಸಲಿಲ್ಲ. ಮಾರಿದುದು ವಸ್ತುವನ್ನು. ವಸ್ತುವನ್ನು ಮಾರಿದವನು ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ. ಮುಂದಿನ ವರ್ಷ ಕೊಡುವುದಿಲ್ಲವೆಂದರೆ ಕೊಂಡವನ ಕೈ ಬರಿದಾಗುತ್ತದೆ. ಕುದುರೆ ಸಾಯುತ್ತದೆ, ಮದ್ದು ಸುಟ್ಟುಹೋಗುತ್ತದೆ, ಕೊಂಡವನು ಮತ್ತೆ ಅದೇ ಬಾಗಿಲಿಗೆ ಬರಬೇಕು. ಆಟಗಳನ್ನು ರಚಿಸಿದವರು ಈ ಭೇದವನ್ನು ತಕ್ಕಮಟ್ಟಿಗೆ ಬಲ್ಲರು. 'ಕುದುರೆ ಸವಾರಿ' ಎಂಬ ವಿದ್ಯೆ ಒಂದು ಪಟ್ಟಿಯಲ್ಲಿ, 'ಕುದುರೆ' ಎಂಬ ಸಂಪತ್ತು ಇನ್ನೊಂದು ಪಟ್ಟಿಯಲ್ಲಿ ಇರುವುದನ್ನು ಆಟಗಾರರು ನೋಡಿರಬಹುದು.

ವ್ಯಕ್ತಿಯ ಪಯಣ

ಕುದುರೆಯಂತೆ ಹಡಗಿನಿಂದಿಳಿದ ಇನ್ನೊಂದು ಸಂಪತ್ತು ಮನುಷ್ಯ. ತೋಪನ್ನು ಎರೆಯುವವನು, ಮದ್ದನ್ನು ಹದಮಾಡುವವನು, ಗುರಿ ಹಿಡಿಯುವವನು ಇವರನ್ನು ದಖ್ಖನಿನ ಅರಸರು ಸಂಬಳ, ಜಹಗೀರು ಮತ್ತು ಬಿರುದುಗಳನ್ನು ಕೊಟ್ಟು ಕರೆಸಿಕೊಂಡರು. 'ರೂಮಿ ಖಾನ್' ಎಂಬ ಬಿರುದು ಒಬ್ಬನದಲ್ಲ. ಅನೇಕ ತೋಪುಗಾರರು ಅದನ್ನು ಹೊತ್ತಿದ್ದರು.

ನಮ್ಮ ಭಾಷೆಯೂ ಈ ಪಯಣದ ಕುರುಹನ್ನು ಉಳಿಸಿಕೊಂಡಿದೆ. 'ತೋಪು' ಎಂಬುದು ತುರ್ಕಿ ಮಾತಿನಿಂದ ಬಂದುದು. 'ಫಿರಂಗಿ' ಎಂಬುದಕ್ಕೆ ಮೂಲ ಅರ್ಥ 'ಫ್ರಾಂಕರು', ಎಂದರೆ ಯೂರೋಪಿನವರು. ತಂದವರ ಹೆಸರು ತಂದ ವಸ್ತುವಿಗೆ ಅಂಟಿಕೊಂಡಿತು. ಇದನ್ನು ಕೇಳಿದವರು ವಿದ್ಯೆಯೆಲ್ಲ ಪಶ್ಚಿಮದಿಂದ ಪೂರ್ವಕ್ಕೇ ಹರಿಯಿತೆಂದು ಭಾವಿಸುವುದು ಸಹಜ. ಆದರೆ ದಾಖಲೆಯು ಬೇರೆಯದನ್ನೇ ಹೇಳುತ್ತದೆ. ಗೋವೆಯು ಆದಿಲಶಾಹಿಯ ಕೈಯಲ್ಲಿದ್ದಾಗಲೇ ಅಲ್ಲಿ ಬಂದೂಕು ಮಾಡುವ ಕಮ್ಮಾರರಿದ್ದರು. ಊರನ್ನು ಗೆದ್ದ ಅಲ್ಬುಕರ್ಕನು 1513ರಲ್ಲಿ ತನ್ನ ದೊರೆ ಮ್ಯಾನುಯೆಲನಿಗೆ ಬರೆಯುತ್ತ, ಗೋವೆಯ ಬಂದೂಕುಗಳು ಬೊಹೆಮಿಯದ ಬಂದೂಕುಗಳಿಗೆ ಸರಿಸಾಟಿಯೆಂದು ತಿಳಿಸಿ, ಅಲ್ಲಿಯ ಒಬ್ಬ ಬಂದೂಕಿನ ಕುಶಲಿಯನ್ನೇ ಪೋರ್ಚುಗಲ್ಲಿಗೆ ಕಳುಹಿಸಿಕೊಟ್ಟನು. ಆ ಕಾಲದಲ್ಲಿ ಬೊಹೆಮಿಯವು ಬಂದೂಕಿಗೆ ಹೆಸರುವಾಸಿಯಾದ ನಾಡು. 'ಫಿರಂಗಿ'ಯನ್ನು ತಂದವರೇ ನಮ್ಮ ಕರಾವಳಿಯ ಕಮ್ಮಾರನನ್ನು ತಮ್ಮ ನಾಡಿಗೆ ಒಯ್ದರು.

ಮನುಷ್ಯನು ಬಂದಾಗ ಬರುವುದು ಒಂದೇ ವಿದ್ಯೆಯಲ್ಲ. ಪಾರಸಿ ನಾಡಿನಿಂದ ಬಿಜಾಪುರಕ್ಕೆ ವಲಸೆ ಬಂದವರು ದಂಡಾಳುಗಳು, ಲೆಕ್ಕಿಗರು, ಕವಿಗಳು ಆಗಿದ್ದಂತೆ ನೀರಿನ ಕೆಲಸ ಬಲ್ಲವರೂ ಆಗಿದ್ದರು. ತೊರವಿಯ ಬಳಿ ಸುರಂಗ ಬಾವಡಿಯೆಂಬ ಸ್ಥಳವಿದೆ. ಅಲ್ಲಿಂದ ನೆಲದಡಿಯಲ್ಲಿ ಕೊರೆದ ಕಾಲುವೆಯ ಮೂಲಕ ನಗರಕ್ಕೆ ನೀರು ಹರಿಯುತ್ತಿತ್ತು. ಪಾರಸಿ ನಾಡಿನ 'ಕರೇಜ್' ಎಂಬ ಪದ್ಧತಿಯ ಬಂಧು ಇದು. ಯಂತ್ರವಿಲ್ಲದೆ, ಸುರಂಗದ ತಳಕ್ಕೆ ಕೊಟ್ಟ ಅತ್ಯಲ್ಪ ಇಳಿಜಾರಿನಿಂದಲೇ ನೀರನ್ನು ನಡೆಸುವುದು ಇದರ ಸೂತ್ರ. ಇಳಿಜಾರು ಹೆಚ್ಚಾದರೆ ಮಣ್ಣು ಕೊಚ್ಚಿಹೋಗುವುದು, ಕಡಿಮೆಯಾದರೆ ಹೂಳು ತುಂಬುವುದು. ಬರದ ನಾಡೆನಿಸಿದ ಈ ಸೀಮೆಯಲ್ಲಿ ತೋಪಿನ ವಿದ್ಯೆಗಿಂತ ಇದರ ಉಪಕಾರವು ದೊಡ್ಡದೆಂದರೆ ಅತಿಶಯೋಕ್ತಿಯಾಗದು. ಈ ವಿದ್ಯೆ ಒಡಂಬಡಿಕೆಯ ಕಾಗದದಲ್ಲಿ ಬಂದುದಲ್ಲ. ಜನರ ಕೂಡ ನಡೆದುಬಂದುದು.

ಕಸಬು ಬೇರೂರುವ ಬಗೆ

ಹಾಗಾದರೆ ಕುಶಲಿಯೊಬ್ಬನು ಬಂದೊಡನೆ ವಿದ್ಯೆಯೂ ಬಂದಂತಾಯಿತೆ? ಆಗಲಿಲ್ಲ. ಒಬ್ಬ ರೂಮಿ ಸತ್ತರೆ ಅವನ ವಿದ್ಯೆಯೂ ಅವನೊಡನೆ ಮಣ್ಣಾಗಬಹುದು. ಅದು ನಾಡಿನ ಸ್ವತ್ತಾಗಬೇಕಾದರೆ ನಾಡಿನ ಕೈಗಳಿಗೆ ಅಭ್ಯಾಸವಾಗಬೇಕು. ಇದನ್ನು ನೋಡಲು ನಾವು ಎರಡನೆಯ ಬುರುಜನ್ನು ಹತ್ತಬೇಕು.

ಶರ್ಜಾ ಬುರುಜಿನಿಂದ ನಗರದ ಒಳಕ್ಕೆ ಬಂದರೆ 1584ರಲ್ಲಿ ಹೈದರ್ ಖಾನನು ಕಟ್ಟಿಸಿದ ಉಪ್ಪಲಿ ಬುರುಜು ಎದುರಾಗುತ್ತದೆ. ಸುಮಾರು 24 ಮೀಟರ್ ಎತ್ತರದ ಈ ಗೋಪುರದ ಮೇಲೆ 9 ಮೀಟರಿಗೂ ಮೀರಿದ ಉದ್ದದ ತೋಪೊಂದಿದೆ. ಕೊಳವೆಯ ವ್ಯಾಸ ಮಾತ್ರ ಸುಮಾರು 30 ಸೆಂಟಿಮೀಟರ್. ಇದು ಕಂಚಿನದಲ್ಲ, ಎರಕದ್ದೂ ಅಲ್ಲ. ಕಬ್ಬಿಣದ ಉದ್ದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ, ಅವುಗಳ ಸುತ್ತ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕದಲ್ಲೊಂದು ತೊಡಿಸಿ ಮಾಡಿದ ತೋಪು.

ಇದಕ್ಕೆ ಕಾರಣವನ್ನು ಉಷ್ಣತೆಯ ಪಾಠದಿಂದ ತಿಳಿಯಬಹುದು. ಇಪ್ಪತ್ತು ಪಾಲು ತವರವುಳ್ಳ ಕಂಚು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಕಬ್ಬಿಣ ಕರಗಬೇಕಾದರೆ 1,538 ಡಿಗ್ರಿ ಬೇಕು. ಅಂದಿನ ಕುಲುಮೆಗಳಲ್ಲಿ ತೋಪಿನ ಅಚ್ಚು ತುಂಬುವಷ್ಟು ಕಬ್ಬಿಣವನ್ನು ಕರಗಿಸಿ ಹೊಯ್ಯುವುದು ಸಾಧ್ಯವಿರಲಿಲ್ಲ. ಆದರೆ ಕಬ್ಬಿಣವನ್ನು ಕೆಂಪಗೆ ಕಾಯಿಸಿ ಬಡಿಯುವ ಕಲೆಯು ನಮ್ಮ ಕಂಬಾರರಿಗೆ ತಲೆತಲಾಂತರದಿಂದ ಬಂದುದು.

ಬಬಲೇಶ್ವರದಂಥ ಊರಿನ ಹಿರಿಯರನ್ನು ಕೇಳಿದರೆ ಚಕ್ಕಡಿಯ ಮರದ ಗಾಲಿಗೆ ಕಬ್ಬಿಣದ ಹಳಿಯನ್ನು ಏರಿಸುತ್ತಿದ್ದ ಬಗೆಯನ್ನು ವರ್ಣಿಸುವರು. ಹಳಿಯ ಸುತ್ತಳತೆಯನ್ನು ಗಾಲಿಯದಕ್ಕಿಂತ ತುಸು ಕಡಿಮೆಯಿಟ್ಟು, ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಸುರಿಯುತ್ತಿದ್ದರು. ಲೆಕ್ಕ ಹೀಗಿದೆ. ಕಬ್ಬಿಣವು ಒಂದು ಡಿಗ್ರಿ ಕಾವೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಒಂದು ಮೀಟರ್ ವ್ಯಾಸದ ಹಳಿಯ ಸುತ್ತಳತೆ ಸುಮಾರು 3.14 ಮೀಟರ್. ಅದನ್ನು 700 ಡಿಗ್ರಿ ಕಾಯಿಸಿದರೆ ಸುತ್ತಳತೆಯು 26 ಮಿಲಿಮೀಟರಿನಷ್ಟು, ಎಂದರೆ ಒಂದು ಅಂಗುಲದಷ್ಟು, ಬೆಳೆಯುತ್ತದೆ. ತಣ್ಣಗಾಗುವಾಗ ಆ ಒಂದಂಗುಲವನ್ನು ಮರಳಿ ಪಡೆಯಲು ಹಳಿಯು ಗಾಲಿಯನ್ನು ಬಿಗಿದು ಹಿಡಿಯುತ್ತದೆ. ತೋಪಿನ ಬಳೆಗಳು ಪಟ್ಟಿಗಳನ್ನು ಬಿಗಿದಿಡುವುದೂ ಇದೇ ನಿಯಮದಿಂದ.

ಪಟ್ಟಿ ಬಳೆಗಳ ತೋಪನ್ನು ಯೂರೋಪಿನವರೂ ಬಲ್ಲರು. ಈ ಬಗೆ ದಖ್ಖನಿಗೇ ವಿಶಿಷ್ಟವಲ್ಲ. ಆದರೆ ಅದು ಇಲ್ಲಿ ಬೇರೂರಿ ಬೆಳೆದುದೇಕೆಂದರೆ, ಅದಕ್ಕೆ ಬೇಕಾದ ಕಬ್ಬಿಣವೂ ಇಲ್ಲಿತ್ತು, ಕಂಬಾರನ ಕೈಯೂ ಇಲ್ಲಿತ್ತು. ತವರಕ್ಕಾಗಿ ಹಡಗಿನ ದಾರಿಯನ್ನು ಕಾಯಬೇಕಾಗಿರಲಿಲ್ಲ. ಹೊರಗಿನ ವಿದ್ಯೆಯು ಒಳಗಿನ ಕಸಬಿನ ಮೇಲೆ ಕಸಿಯಾದಾಗ ಮಾತ್ರ ಚಿಗುರುತ್ತದೆ. ಬೇರಿಲ್ಲದ ಕಡೆ ಕಸಿ ಕಟ್ಟಿದರೆ ಒಣಗುತ್ತದೆ.

ಸೋಲೂ ಕೆಲವೊಮ್ಮೆ ಗುರುವಾಗುತ್ತದೆ. 1520ರಲ್ಲಿ ರಾಯಚೂರಿನ ಬಳಿ ಇಸ್ಮಾಯಿಲ್ ಆದಿಲಶಹನ ತೋಪುಗಳನ್ನು ಕೃಷ್ಣದೇವರಾಯನ ಸೈನ್ಯವು ಸೋಲಿಸಿತು. ತೋಪುಗಳು ಒಮ್ಮೆ ಹಾರಿದ ಮೇಲೆ ಮತ್ತೆ ತುಂಬಲು ಬಹಳ ಹೊತ್ತು ಬೇಕಾಗಿತ್ತು. ಅಷ್ಟರೊಳಗೆ ರಾಯನ ದಂಡು ಮೇಲೇರಿ ಬಂದಿತು. ಇತಿಹಾಸಜ್ಞ ರಿಚರ್ಡ್ ಈಟನ್ ಅವರ ಅಭಿಪ್ರಾಯದಲ್ಲಿ, ಸೋತ ಬಿಜಾಪುರವು ತೋಪಿನ ವಿದ್ಯೆಯನ್ನು ತಿದ್ದಿಕೊಳ್ಳಲು ಶ್ರಮಿಸಿತು. ಗೆದ್ದ ವಿಜಯನಗರಕ್ಕೆ ಆ ಒತ್ತಡವಿರಲಿಲ್ಲ. ಯಾರೂ ಕೊಡದ, ಯಾರಿಂದಲೂ ಕೊಳ್ಳಲಾಗದ ಪಾಠವಿದು.

ಮೈತ್ರಿಯ ಆಯುಸ್ಸು, ವಿದ್ಯೆಯ ಆಯುಸ್ಸು

ಈಗ ರಾಜತಂತ್ರದ ಕೇಂದ್ರಕ್ಕೆ ಬರೋಣ. ವಿಜಯನಗರದ ವಿರುದ್ಧ ದಖ್ಖನಿನ ಸುಲ್ತಾನರು ಒಂದಾದಾಗ ಅವರು ಪರಸ್ಪರ ಏನನ್ನು ಕೊಟ್ಟುಕೊಂಡರು? ಅಹಮದನಗರದ ಹುಸೇನ್ ನಿಜಾಮಶಹನು ತನ್ನ ಮಗಳು ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲಶಹನಿಗೆ ಮದುವೆಮಾಡಿಕೊಟ್ಟು, ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ನೀಡಿದನು. ಅಲಿಯ ತಂಗಿಯು ನಿಜಾಮಶಹನ ಮಗನ ಕೈಹಿಡಿದಳು. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧವೆಂದು ಹೆಸರಾದ ಕಾಳಗ ನಡೆಯಿತು. ಅಲ್ಲಿ ನಿಜಾಮಶಹನ ತೋಪುಗಳನ್ನು ನಡೆಸಿದವನು ಚಲಬಿ ರೂಮಿ ಖಾನ್. ಅವನು ತೋಪುಗಳಿಗೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದನೆಂದು, ಬಿಜಾಪುರದಲ್ಲಿದ್ದು ಚರಿತ್ರೆ ಬರೆದ ಫೆರಿಷ್ತನು ಹೇಳುತ್ತಾನೆ. ಮಲಿಕ್-ಎ-ಮೈದಾನ್ ಕೂಡ ಆ ಕಣದಲ್ಲಿತ್ತೆಂಬ ಪ್ರತೀತಿ ಉಂಟು.

ಇಲ್ಲಿ ನಿಜಾಮಶಹನ ಜಾಣತನವನ್ನು ನೋಡಬೇಕು. ಮಗಳನ್ನು ಕೊಟ್ಟನು, ಕೋಟೆಯನ್ನು ಕೊಟ್ಟನು. ತೋಪನ್ನು ಮಾತ್ರ ತಾನೇ ತಂದು, ತಾನೇ ಹಾರಿಸಿ, ತಾನೇ ಹಿಂದಕ್ಕೆ ಒಯ್ದನು. ಮಿತ್ರನಿಗೆ ಅದರ ಫಲ ಸಿಕ್ಕಿತು, ವಿದ್ಯೆ ಸಿಗಲಿಲ್ಲ. ಕೂಟವು ಗೆದ್ದ ಮೇಲೆ ಬಹುಕಾಲ ಬಾಳಲಿಲ್ಲ. ಬಿಜಾಪುರವೂ ಅಹಮದನಗರವೂ ಮತ್ತೆ ಹಳೆಯ ಜಗಳಕ್ಕೆ ಇಳಿದವು.

ಆದರೆ ಜಾಣತನಕ್ಕೂ ಒಂದು ಮೇರೆಯುಂಟು. ನಿಜಾಮಶಾಹಿಯು ಕುಸಿಯುತ್ತಿದ್ದ ಕಾಲದಲ್ಲಿ, 1632ರಲ್ಲಿ, ಮುರಾರಿ ಪಂಡಿತನು ಪರಾಂಡಾ ಕೋಟೆಯಲ್ಲಿದ್ದ ಮಲಿಕ್-ಎ-ಮೈದಾನನ್ನು ಬಿಜಾಪುರಕ್ಕೆ ಸಾಗಿಸಿ ತಂದನು. ನೆರೆಯವನು ಕೊಡದೆ ಉಳಿಸಿಕೊಂಡ ತೋಪು ನೆರೆಯವನ ಗೋಡೆಯನ್ನೇ ಏರಿತು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದಾಗ ಅದೇ ತೋಪಿನ ಮೇಲೆ ತನ್ನ ವಿಜಯದ ಬರಹವನ್ನು ಕೆತ್ತಿಸಿದನು. ಒಂದೇ ತೋಪಿಗೆ ಮೂವರು ಒಡೆಯರು. ರಣರಂಗದ ಒಡೆಯನೆನಿಸಿದ ತೋಪು ತನ್ನ ಒಡೆಯರನ್ನು ಉಳಿಸಿಕೊಡಲಿಲ್ಲ.

ಇದರಿಂದ ನಾವು ತೆಗೆಯಬಹುದಾದ ಸಾರ ಇಷ್ಟು. ಮೈತ್ರಿಯ ಆಯುಸ್ಸು ಕೆಲವು ವರ್ಷ. ಕೊಟ್ಟ ವಿದ್ಯೆಯ ಆಯುಸ್ಸು ತಲೆಮಾರುಗಳು. ವಸ್ತುವನ್ನು ಕೊಡುವುದನ್ನು ನಾಳೆ ನಿಲ್ಲಿಸಬಹುದು. ಕಲಿಸಿದುದನ್ನು ಮರಳಿ ಕೇಳಲಾಗದು. ಆದುದರಿಂದ ಅರಸರು ವಸ್ತುವನ್ನು ಧಾರಾಳವಾಗಿ ಮಾರುವರು, ಕುಶಲಿಯನ್ನು ಎಚ್ಚರದಿಂದ ಎರವಲು ಕೊಡುವರು, ಕಸಬನ್ನು ಮಾತ್ರ ಬಚ್ಚಿಡುವರು.

ನಮ್ಮ ಕಾಲದ ನಿದರ್ಶನ

ಇದು ಹಳೆಯ ಕಾಲದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 1991ರಲ್ಲಿ ಸೋವಿಯತ್ ದೇಶದ ಗ್ಲಾವ್‌ಕಾಸ್ಮಾಸ್ ಎಂಬ ಸಂಸ್ಥೆಯೊಡನೆ ಒಂದು ಕರಾರನ್ನು ಮಾಡಿಕೊಂಡಿತು. ಅತಿಶೀತಲ ಇಂಧನದಿಂದ ನಡೆಯುವ ರಾಕೆಟ್ ಎಂಜಿನ್ನುಗಳನ್ನೂ, ಅವನ್ನು ತಯಾರಿಸುವ ವಿದ್ಯೆಯನ್ನೂ ಭಾರತವು ಪಡೆಯಬೇಕಾಗಿತ್ತು. ಇವುಗಳಲ್ಲಿ ಇಂಧನವು ದ್ರವರೂಪದ ಜಲಜನಕ. ಅದನ್ನು ಸೊನ್ನೆಗಿಂತ ಸುಮಾರು 253 ಡಿಗ್ರಿ ಕೆಳಗೆ ಇಡಬೇಕು. ಅಮೆರಿಕವು ಆಕ್ಷೇಪಿಸಿ 1992ರಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧವನ್ನು ಹೇರಿತು. 1993ರಲ್ಲಿ ರಷ್ಯವು ವಿದ್ಯೆಯನ್ನು ಕೊಡುವ ಮಾತಿನಿಂದ ಹಿಂದೆಗೆಯಿತು. ಸಿದ್ಧ ಎಂಜಿನ್ನುಗಳನ್ನು ಮಾತ್ರ ಕೊಡಲು ಒಪ್ಪಿತು. 1547ರ ಗೋವೆಯ ಭಾಷೆಯಲ್ಲಿ ಹೇಳುವುದಾದರೆ, ಕುದುರೆಯನ್ನು ಮಾರಿದರು, ಕುದುರೆ ಸಾಕುವ ವಿದ್ಯೆಯನ್ನು ಕೊಡಲಿಲ್ಲ.

ಮುಂದಿನ ದಾರಿ ದೀರ್ಘವಾಯಿತು. ನಮ್ಮ ಎಂಜಿನಿಯರುಗಳು ಸ್ವಂತ ಎಂಜಿನ್ನನ್ನು ರೂಪಿಸತೊಡಗಿದರು. 2010ರ ಏಪ್ರಿಲಿನಲ್ಲಿ ಅದರ ಮೊದಲ ಹಾರಾಟ ವಿಫಲವಾಯಿತು. 2014ರ ಜನವರಿ 5ರಂದು ಜಿಎಸ್‌ಎಲ್‌ವಿ-ಡಿ5 ರಾಕೆಟ್ ಸ್ವದೇಶಿ ಎಂಜಿನ್ನಿನಿಂದ ಉಪಗ್ರಹವನ್ನು ಕಕ್ಷೆಗೆ ಏರಿಸಿತು. ಕರಾರಿನಿಂದ ಆ ದಿನದವರೆಗೆ ಇಪ್ಪತ್ತಮೂರು ವರ್ಷ. ಆಟದಲ್ಲಿ ಒಂದು ಗುಂಡಿಯೊತ್ತುವಿಕೆಗೂ ನಿಜಜೀವನಕ್ಕೂ ಇರುವ ಅಂತರವನ್ನು ಈ ಇಪ್ಪತ್ತಮೂರು ವರ್ಷಗಳೇ ತೋರಿಸುತ್ತವೆ.

ಮತ್ತೆ ಆಟಕ್ಕೆ

ಆಟಗಳನ್ನು ರಚಿಸುವವರೂ ಕ್ರಮೇಣ ಈ ಸತ್ಯವನ್ನು ಕಂಡುಕೊಂಡಿರುವಂತಿದೆ. ವಿದ್ಯೆಯನ್ನು ಸುಲಭವಾಗಿ ಮಾರಬಹುದಾದರೆ ಎಲ್ಲ ನಾಡುಗಳೂ ಒಂದೇ ಮಟ್ಟಕ್ಕೆ ಬಂದು, ನಡುವಣ ದಲ್ಲಾಳಿಯೊಬ್ಬನೇ ಗೆಲ್ಲುತ್ತಾನೆ. ಇದನ್ನು ತಡೆಯಲು 'ಸಿವಿಲೈಜೇಷನ್' ಆಟದ ನಾಲ್ಕನೆಯ ಆವೃತ್ತಿಗೆ 2007ರಲ್ಲಿ ಬಂದ ಪುರವಣಿಯಲ್ಲಿ ಒಂದು ಐಚ್ಛಿಕ ನಿಯಮವನ್ನು ಸೇರಿಸಿದರು: ತಾನೇ ಶೋಧಿಸಿದ ವಿದ್ಯೆಯನ್ನು ಮಾತ್ರ ಇತರರಿಗೆ ಕೊಡಬಹುದು, ಕೊಂಡುದನ್ನು ಮತ್ತೆ ಮಾರಕೂಡದು. 2010ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ವಿದ್ಯೆಯ ನೇರ ಮಾರಾಟವನ್ನೇ ಕೈಬಿಟ್ಟು, ಇಬ್ಬರು ಅರಸರು ಹಣಹಾಕಿ ಜೊತೆಗೂಡಿ ಸಂಶೋಧಿಸುವ ಒಪ್ಪಂದವನ್ನು ತಂದರು. ಕೊಡುಕೊಳುವ ಬದಲು ಕೂಡಿ ಕಲಿಯುವುದು ಅದರ ಆಶಯ.

ಆಟವಾಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಕೊಡುವ ಮುನ್ನ ಲೆಕ್ಕಹಾಕುವ, ನೆರೆಯವನ ಮನಸ್ಸನ್ನು ಓದುವ ಅಭ್ಯಾಸವನ್ನು ಅದು ಕಲಿಸಬಲ್ಲದು. ಆದರೆ ಗುಂಡಿಯನ್ನೊತ್ತುವಾಗ ಅದರ ಹಿಂದೆ ಅಡಗಿರುವ ಕಂಬಾರನನ್ನು, ತವರದ ಹಡಗನ್ನು, ಕುಲುಮೆಯ ಕಾವನ್ನು ಆಟಗಾರನು ನೆನೆಯಬೇಕು. ಒಂದು ಭಾನುವಾರ ವಿಜಯಪುರಕ್ಕೆ ಹೋಗಿ ಎರಡೂ ತೋಪುಗಳನ್ನು ನೋಡಿಬಂದರೆ ಈ ನೆನಪು ಗಟ್ಟಿಯಾಗುವುದು.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

1. ಉಪ್ಪಲಿ ಬುರುಜಿನ ತೋಪಿನ ಹೊರವ್ಯಾಸವನ್ನು ಮೂರು ಕಡೆ ಅಳೆಯಿರಿ. ಕಬ್ಬಿಣದ ಒಂದು ಘನ ಮೀಟರಿಗೆ 7.8 ಟನ್ ಎಂದು ಹಿಡಿದು ಅದರ ತೂಕವನ್ನು ಅಂದಾಜು ಮಾಡಿರಿ.

2. ಅರ್ಧ ಮೀಟರ್ ವ್ಯಾಸದ ಕಬ್ಬಿಣದ ಬಳೆಯನ್ನು 600 ಡಿಗ್ರಿ ಕಾಯಿಸಿದರೆ ಅದರ ಸುತ್ತಳತೆ ಎಷ್ಟು ಮಿಲಿಮೀಟರ್ ಬೆಳೆಯುವುದು?

3. ನಿಮ್ಮ ಊರಿನಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಹೊರಗಿನಿಂದ ಬಂದ ಒಂದು ಸಾಧನವನ್ನು ಆರಿಸಿಕೊಳ್ಳಿರಿ. ಹನಿ ನೀರಾವರಿಯಾಗಲಿ, ಕೊಳವೆಬಾವಿಯ ಪಂಪಾಗಲಿ ಆಗಬಹುದು. ಬಂದುದು ವಸ್ತುವೆ, ವ್ಯಕ್ತಿಯೆ, ಕಸಬೆ? ಅದು ಕೆಟ್ಟುಹೋದರೆ ಊರಿನಲ್ಲಿಯೇ ಸರಿಪಡಿಸಬಲ್ಲವರು ಇದ್ದಾರೆಯೆ? ಇದ್ದರೆ ಅವರು ಅದನ್ನು ಯಾರಿಂದ ಕಲಿತರೆಂದು ವಿಚಾರಿಸಿ ಬರೆಯಿರಿ.